ತಲೆ ಎಣಿಕೆ, ದಾರಿ ಎಣಿಕೆ: ಹಳ್ಳಿಯ ಜನಸಂಖ್ಯೆ ಮತ್ತು ಸಾರಿಗೆಯ ಸಮೀಕ್ಷೆ

ಜನಗಣತಿ ಇಲಾಖೆ ಪ್ರತಿ ಜಿಲ್ಲೆಗೂ ಒಂದು ಕೈಪಿಡಿ ತರುತ್ತದೆ. 1951ರ ಗಣತಿಯಿಂದ ನಡೆದು ಬಂದ ರೂಢಿ ಇದು. ಅದರಲ್ಲಿ ಪ್ರತಿ ಕಂದಾಯ ಗ್ರಾಮಕ್ಕೂ ಒಂದೊಂದು ಸಾಲು ಮೀಸಲು. ಮನೆಗಳೆಷ್ಟು, ಗಂಡಸರೆಷ್ಟು, ಹೆಂಗಸರೆಷ್ಟು, ಸಣ್ಣ ಮಕ್ಕಳೆಷ್ಟು, ಪರಿಶಿಷ್ಟ ಜಾತಿ ಮತ್ತು ಪಂಗಡದವರೆಷ್ಟು, ಓದುಬರಹ ಬಲ್ಲವರೆಷ್ಟು, ದುಡಿಯುವವರೆಷ್ಟು ಎಂಬುದೆಲ್ಲ ಆ ಸಾಲಿನಲ್ಲಿ ಇರುತ್ತದೆ. ಸೌಲಭ್ಯಗಳ ಪಟ್ಟಿಯಲ್ಲಿ ಸಾರಿಗೆಗೂ ಜಾಗವಿದೆ. ಸರ್ಕಾರಿ ಬಸ್ಸು ಬರುತ್ತದೆಯೇ, ಖಾಸಗಿ ಬಸ್ಸು ಇದೆಯೇ, ರೈಲು ನಿಲ್ದಾಣ, ಆಟೊ, ಟ್ಯಾಕ್ಸಿ, ಟ್ರ್ಯಾಕ್ಟರ್, ಎತ್ತಿನ ಗಾಡಿ ಇವೆಯೇ, ದಾರಿ ಡಾಂಬರಿನದೋ ಮಣ್ಣಿನದೋ ಬರೀ ಕಾಲುದಾರಿಯೋ ಎಂದು ಒಂದೊಂದನ್ನೂ ಕೇಳಿ ಬರೆಯುತ್ತಾರೆ. ಸೌಲಭ್ಯ ಇದ್ದರೆ 'ಇದೆ', ಇಲ್ಲದಿದ್ದರೆ ದೂರಕ್ಕೆ ಮೂರೇ ಸಂಕೇತ: 5 ಕಿ.ಮೀ. ಒಳಗೆ, 5ರಿಂದ 10 ಕಿ.ಮೀ., 10 ಕಿ.ಮೀ.ಗೂ ಆಚೆ.

ದೇಶದ ಆರು ಲಕ್ಷದಷ್ಟು ಹಳ್ಳಿಗಳನ್ನು ಹೀಗೆ ಒಂದೊಂದಾಗಿ ಬರೆದಿಡುವ ಕೆಲಸ ಸಣ್ಣದಲ್ಲ. ಶಾಲೆ, ಆಸ್ಪತ್ರೆ, ರಸ್ತೆ, ಬ್ಯಾಂಕು ಯಾವುದಕ್ಕೆ ಯೋಜನೆ ಹಾಕಬೇಕಾದರೂ ಆಡಳಿತ ಮೊದಲು ತೆರೆಯುವುದು ಈ ಪುಟಗಳನ್ನೇ. ಆದರೆ ಜನಸಂಖ್ಯೆ ಒಂದು ಕಡೆ, ಸಾರಿಗೆ ಇನ್ನೊಂದು ಕಡೆ ಕೂತಿರುವ ಈ ಪಟ್ಟಿ ಒಂದು ಮುಖ್ಯ ಸಂಗತಿಯನ್ನು ಮರೆಸುತ್ತದೆ. ಊರಿಗೆ ರಸ್ತೆ, ಬಸ್ಸು ಬರುವುದು ಅಲ್ಲಿನ ತಲೆ ಎಣಿಕೆಯ ಮೇಲೆ. ರಸ್ತೆ, ಬಸ್ಸು ಬಂದ ಮೇಲೆ ಊರಲ್ಲಿ ಯಾರು ಉಳಿಯುತ್ತಾರೆ, ಯಾರು ಹೊರಡುತ್ತಾರೆ, ಏನು ಕೆಲಸ ಮಾಡುತ್ತಾರೆ ಎಂಬುದು ಬದಲಾಗಿ ಮುಂದಿನ ಎಣಿಕೆಯೂ ಬದಲಾಗುತ್ತದೆ. ದಾರಿಯ ಅಗತ್ಯ ಯಾರಿಗೆ ಹೆಚ್ಚೋ ಅವರೇ ಎಣಿಕೆಯಿಂದ ಹೊರಗುಳಿಯುತ್ತಾರೆ ಎಂಬುದು ಈ ವಿಷಯದ ತಿರುಳು. ಕರ್ನಾಟಕದ ಹಳ್ಳಿಗಳನ್ನು ಮುಂದಿಟ್ಟುಕೊಂಡು ಇದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಯಾವುದು ಊರು?

2011ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ 29,340 ಗ್ರಾಮಗಳಿದ್ದವು. ಜನವಸತಿ ಇದ್ದದ್ದು ಸುಮಾರು 27,400ರಲ್ಲಿ. ಉಳಿದವು ಬೇಚರಾಕ್ ಗ್ರಾಮಗಳು: ನಕ್ಷೆ ಇದೆ, ಸರ್ವೆ ನಂಬರು ಇದೆ, ಒಲೆ ಉರಿಯುವ ಮನೆ ಮಾತ್ರ ಒಂದೂ ಇಲ್ಲ. ರಾಜ್ಯದ ಒಟ್ಟು 6.11 ಕೋಟಿ ಜನರಲ್ಲಿ 3.75 ಕೋಟಿ, ಅಂದರೆ ನೂರಕ್ಕೆ 61 ಮಂದಿ, ಹಳ್ಳಿಗಳಲ್ಲಿದ್ದರು. ಭಾಗಿಸಿ ನೋಡಿದರೆ ಒಂದು ಹಳ್ಳಿಗೆ ಸರಾಸರಿ 1,370 ಜನ.

ಈ ಸರಾಸರಿಯನ್ನು ನೆಚ್ಚಿಕೊಂಡರೆ ಎಡವುತ್ತೇವೆ. ಬಯಲುಸೀಮೆಯಲ್ಲಿ ಊರೆಂದರೆ ಒತ್ತೊತ್ತಾಗಿ ಕಟ್ಟಿದ ಮನೆಗಳು, ಅಗಸೆ ಬಾಗಿಲು, ಊರ ಮುಂದಿನ ಕಟ್ಟೆ. ಬಸ್ಸು ಆ ಕಟ್ಟೆಯ ಹತ್ತಿರ ನಿಂತರೆ ಊರಿಗೆಲ್ಲ ನಿಂತಂತೆ. ಮಲೆನಾಡು, ಕರಾವಳಿಯಲ್ಲಿ ಹಾಗಿಲ್ಲ. ಗುಡ್ಡದ ಓರೆಗೊಂದು ಮನೆ, ತೋಟದ ಅಂಚಿಗೊಂದು ಮನೆ, ನಡುವೆ ಹಳ್ಳ, ಗದ್ದೆ ಬಯಲು. ಕಂದಾಯ ದಾಖಲೆಯಲ್ಲಿ ಒಂದೇ ಗ್ರಾಮವಾದರೂ ಒಂದು ಮಜರೆಯಿಂದ ಇನ್ನೊಂದಕ್ಕೆ ಮೈಲಿಗಟ್ಟಲೆ ನಡೆಯಬೇಕು. ಅಂಥ ಊರಿನ ಸಾಲಿನಲ್ಲಿ 'ಬಸ್ಸು ಇದೆ' ಎಂದು ಬರೆದರೆ ಅದು ರಸ್ತೆ ಬದಿಯ ಹತ್ತು ಮನೆಗಳಿಗಷ್ಟೇ ನಿಜ. 1993ರ ಪಂಚಾಯತ್ ರಾಜ್ ಕಾಯ್ದೆಗೆ ಈ ವ್ಯತ್ಯಾಸದ ಅರಿವಿತ್ತು. ಸಾಮಾನ್ಯವಾಗಿ 5,000ದಿಂದ 7,000 ಜನರಿಗೊಂದು ಗ್ರಾಮ ಪಂಚಾಯಿತಿ ಎಂದು ಹೇಳಿದ ಕಾಯ್ದೆ, ಮಲೆನಾಡು ಮತ್ತು ಕರಾವಳಿಯ ಜಿಲ್ಲೆಗಳಿಗೆ ಕನಿಷ್ಠ 2,500 ಜನ ಇದ್ದರೂ ಸಾಕು ಎಂದಿತು. ಸಾರಿಗೆಯ ಲೆಕ್ಕದಲ್ಲಿ ಆ ವಿವೇಕ ಕಾಣುವುದು ಕಡಿಮೆ.

ಇನ್ನೂ ಕಠಿಣವಾದದ್ದು ಊರೆಂದೇ ಗುರುತಿಲ್ಲದ ನೆಲೆಗಳ ಸ್ಥಿತಿ. ಲಂಬಾಣಿ ತಾಂಡಾ, ಗೊಲ್ಲರ ಹಟ್ಟಿ, ಗಿರಿಜನರ ಹಾಡಿ, ದೊಡ್ಡಿ, ಪಾಳ್ಯ ಹೀಗೆ ತಲೆಮಾರುಗಳಿಂದ ಜನ ಬಾಳಿದ ಎಷ್ಟೋ ನೆಲೆಗಳು ದಾಖಲೆಯಲ್ಲಿ ಪಕ್ಕದ ದೊಡ್ಡ ಊರಿನ ಹೊಟ್ಟೆಯೊಳಗೆ ಅಡಗಿದ್ದವು. ಅಲ್ಲಿನ ಜನಸಂಖ್ಯೆ ದೊಡ್ಡ ಊರಿನ ಲೆಕ್ಕಕ್ಕೆ ಸೇರುತ್ತಿತ್ತು, ಸೌಲಭ್ಯವೂ ದೊಡ್ಡ ಊರಿಗೇ ಬಂದು ನಿಲ್ಲುತ್ತಿತ್ತು. ಇವುಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸುವ ಕೆಲಸ ಈಚಿನ ವರ್ಷಗಳಲ್ಲಿ ನಡೆದಿದೆ. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿ ಹಕ್ಕುಪತ್ರ ಹಂಚಿದಾಗ ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್ ಮತ್ತು ವಿಜಯಪುರ ಈ ಐದು ಜಿಲ್ಲೆಗಳಲ್ಲೇ ಸುಮಾರು 1,475 ದಾಖಲೆರಹಿತ ನೆಲೆಗಳು ಹೊಸ ಕಂದಾಯ ಗ್ರಾಮಗಳಾಗಿದ್ದವು. ಮನೆಯ ಜಾಗಕ್ಕೆ ಹಕ್ಕು ಸಿಕ್ಕಿದ್ದು ದೊಡ್ಡ ಗೆಲುವು. ಮುಂದಿನ ಕೈಪಿಡಿಯಲ್ಲಿ ಆ ತಾಂಡಾಕ್ಕೂ ಒಂದು ಸಾಲು ಸಿಗಲಿದೆ ಎಂಬುದೂ ಅಷ್ಟೇ ದೊಡ್ಡ ಮಾತು, ಏಕೆಂದರೆ ಸಾಲಿಲ್ಲದ ಊರಿಗೆ ರಸ್ತೆ ಕೇಳಲು ಆಧಾರವೇ ಇರುವುದಿಲ್ಲ.

ಎಣಿಸಿದ ದಿನ ಊರಲ್ಲಿದ್ದವರು

2001ರಿಂದ 2011ರವರೆಗಿನ ಹತ್ತು ವರ್ಷಗಳಲ್ಲಿ ಕರ್ನಾಟಕದ ಗ್ರಾಮೀಣ ಜನಸಂಖ್ಯೆ ಶೇ 7.4ರಷ್ಟು ಬೆಳೆದರೆ ನಗರದ್ದು ಶೇ 31.5ರಷ್ಟು ಬೆಳೆಯಿತು. ಚಿಕ್ಕಮಗಳೂರು ಜಿಲ್ಲೆಯಲ್ಲಂತೂ ಜನಸಂಖ್ಯೆ ಬೆಳೆಯುವ ಬದಲು ಇಳಿದಿತ್ತು: 11,40,905 ಇದ್ದದ್ದು 11,37,961ಕ್ಕೆ ಬಂತು. ಅದೇ ಹೊತ್ತಿಗೆ ರಾಜ್ಯದಲ್ಲಿ ಅರವತ್ತು ದಾಟಿದವರ ಪ್ರಮಾಣ ಶೇ 9.5 ಮುಟ್ಟಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಹುಟ್ಟುವವರು ಕಡಿಮೆ, ದುಡಿಯುವ ವಯಸ್ಸಿನವರು ಊರು ಬಿಡುವುದು ಹೆಚ್ಚು, ಉಳಿಯುವವರಲ್ಲಿ ವಯಸ್ಸಾದವರ ಪಾಲು ಏರುತ್ತಿದೆ. ಸ್ಕೂಟರ್ ಓಡಿಸಲಾಗದ, ತಿಂಗಳಿಗೊಮ್ಮೆ ಸಕ್ಕರೆ ಕಾಯಿಲೆಯ ಮಾತ್ರೆಗೆ ತಾಲ್ಲೂಕು ಆಸ್ಪತ್ರೆಗೆ ಹೋಗಲೇಬೇಕಾದ ಈ ಜನಕ್ಕೆ ಬಸ್ಸಿನ ಅಗತ್ಯ ಹಿಂದಿಗಿಂತ ಹೆಚ್ಚು. ಆದರೆ ತಲೆ ಎಣಿಕೆ ಕುಗ್ಗಿದ ಊರಿಗೆ ಬಸ್ಸೂ ಕುಗ್ಗುತ್ತದೆ.

ಉತ್ತರ ಕರ್ನಾಟಕದ ಒಣ ತಾಲ್ಲೂಕುಗಳಲ್ಲಿ ಎಣಿಕೆಯ ತೊಡಕು ಬೇರೆ ಬಗೆಯದು. ಹಿಂಗಾರಿನ ಕೆಲಸ ಮುಗಿಯುತ್ತಿದ್ದಂತೆ ಅಲ್ಲಿನ ಕುಟುಂಬಗಳು ಬೆಂಗಳೂರು, ಗೋವಾ, ಪುಣೆ, ಮುಂಬೈ ಕಡೆಗೆ ಗುಳೆ ಹೋಗುತ್ತವೆ. ಜನಗಣತಿ ನಡೆಯುವುದು ಸರಿಯಾಗಿ ಫೆಬ್ರುವರಿಯಲ್ಲಿ. 2011ರಲ್ಲಿ ಫೆಬ್ರುವರಿ 9ರಿಂದ 28ರವರೆಗೆ ಗಣತಿದಾರರು ಮನೆಮನೆಗೆ ಹೋದರು. ಮಾರ್ಚ್ 1 ಆಧಾರ ದಿನ. ಆ ಅವಧಿಯಿಡೀ ಮನೆಯಲ್ಲಿಲ್ಲದವರನ್ನು ಅವರು ಸಿಕ್ಕಿದ ಜಾಗದಲ್ಲಿ ಎಣಿಸಬೇಕೆಂಬುದು ನಿಯಮ. ಹೀಗಾಗಿ ಸುರಪುರ, ದೇವದುರ್ಗ, ಲಿಂಗಸುಗೂರು ಭಾಗದ ಹಳ್ಳಿಯ ಕುಟುಂಬವೊಂದು ಬೆಂಗಳೂರಿನ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಇರುವಾಗ ಎಣಿಕೆಗೆ ಸಿಕ್ಕರೆ ಬೆಂಗಳೂರಿನ ಲೆಕ್ಕ, ಸಿಗದಿದ್ದರೆ ಎಲ್ಲಿಯೂ ಇಲ್ಲ. ಮಳೆಗಾಲಕ್ಕೆ ಅವರು ಊರಿಗೆ ಮರಳಿ ಬಿತ್ತನೆಗೆ ಇಳಿಯುತ್ತಾರೆ, ಮಕ್ಕಳು ಅಲ್ಲಿಯ ಶಾಲೆಗೇ ಹೋಗುತ್ತಾರೆ, ಪಡಿತರ ಚೀಟಿ, ಮತದಾನ ಎಲ್ಲ ಅಲ್ಲಿಯದೇ. ಆದರೂ ಊರಿನ ಸಾಲಿನಲ್ಲಿ ಅವರ ತಲೆ ಇಲ್ಲ.

ಜನಸಂಖ್ಯೆಯೇ ಹೊಸ್ತಿಲು

ಒಂದು ಊರಿಗೆ ರಸ್ತೆ ಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸಲು ಸ್ವತಂತ್ರ ಭಾರತ ಬಳಸಿದ ಅಳತೆಗೋಲು ಹೆಚ್ಚಾಗಿ ಜನಸಂಖ್ಯೆಯೇ. ಅದಕ್ಕೂ ಮೊದಲು, 1943ರ ನಾಗಪುರ ರಸ್ತೆ ಯೋಜನೆ ದೂರವನ್ನು ಅಳತೆಯಾಗಿ ಇಟ್ಟುಕೊಂಡಿತ್ತು: ಕೃಷಿ ಚೆನ್ನಾಗಿರುವ ಪ್ರದೇಶದಲ್ಲಿ ಯಾವ ಹಳ್ಳಿಯೂ ಮುಖ್ಯ ರಸ್ತೆಯಿಂದ ಐದು ಮೈಲಿಗಿಂತ ದೂರ ಇರಬಾರದು ಎಂಬುದು ಅದರ ಗುರಿ. ಐದನೇ ಪಂಚವಾರ್ಷಿಕ ಯೋಜನೆಯ ಕನಿಷ್ಠ ಅಗತ್ಯಗಳ ಕಾರ್ಯಕ್ರಮ 1,500 ಮತ್ತು ಅದಕ್ಕಿಂತ ಹೆಚ್ಚು ಜನರಿರುವ ಹಳ್ಳಿಗಳಿಗೆ ಸರ್ವಋತು ರಸ್ತೆ ಕೊಡುವ ಮಾತಾಡಿತು. 1981ರ ಲಖನೌ ಯೋಜನೆ ಆ ಗೆರೆಯನ್ನು 500ಕ್ಕೆ ಇಳಿಸಿತು. 2000ದ ಡಿಸೆಂಬರ್ 25ರಂದು ಶುರುವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ ಬಯಲು ಪ್ರದೇಶದಲ್ಲಿ 500, ಗುಡ್ಡಗಾಡು, ಬುಡಕಟ್ಟು ಮತ್ತು ಮರುಭೂಮಿ ಪ್ರದೇಶಗಳಲ್ಲಿ 250 ಜನರಿರುವ ನೆಲೆಗಳನ್ನು ತಲುಪಲು ಹೊರಟಿತು. ಕಂದಾಯ ಗ್ರಾಮದ ಬದಲು ಜನ ನಿಜವಾಗಿ ಇರುವ ನೆಲೆಯನ್ನು ಘಟಕವಾಗಿ ಹಿಡಿದದ್ದು, ಹತ್ತಿರದ ನೆಲೆಗಳ ಜನಸಂಖ್ಯೆಯನ್ನು ಕೂಡಿಸಲು ಅವಕಾಶ ಕೊಟ್ಟದ್ದು ಈ ಯೋಜನೆಯ ದೊಡ್ಡ ಗುಣ. ಇದೇ ಮಾದರಿಯಲ್ಲಿ ಕರ್ನಾಟಕ 'ನಮ್ಮ ಗ್ರಾಮ ನಮ್ಮ ರಸ್ತೆ' ಎಂಬ ತನ್ನದೇ ಯೋಜನೆಯನ್ನೂ ನಡೆಸಿತು.

ಕಾಲು ಶತಮಾನದಲ್ಲಿ ಗೆರೆ 1,500ರಿಂದ 250ಕ್ಕೆ ಇಳಿದದ್ದು ನಿಜವಾದ ಪ್ರಗತಿ. ಆದರೆ ಗೆರೆ ಎಲ್ಲಿ ಎಳೆದರೂ ಅದರ ಕೆಳಗೆ ಉಳಿಯುವವರು ಸಣ್ಣ ನೆಲೆಯವರೇ. ಕಾಡಂಚಿನ ಹಾಡಿಯವರು, ಗುಡ್ಡದ ಮೇಲಿನವರು, ಊರಾಚೆ ಕೂತ ಕುಟುಂಬಗಳು. ಮೇಲಾಗಿ ಲೆಕ್ಕವೇ ಹಳೆಯದು. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಗ್ರಾಮ ಸಡಕ್ ಯೋಜನೆಯ ನಾಲ್ಕನೇ ಹಂತ 70,125 ಕೋಟಿ ರೂಪಾಯಿ ವೆಚ್ಚದಲ್ಲಿ 62,500 ಕಿ.ಮೀ. ರಸ್ತೆ ಕಟ್ಟಿ 25,000 ನೆಲೆಗಳನ್ನು ಜೋಡಿಸಲಿದೆ. ಆ ನೆಲೆಗಳ ಅರ್ಹತೆ ನಿಂತಿರುವುದು 2011ರ ಜನಸಂಖ್ಯೆಯ ಮೇಲೆ. 2021ರ ಗಣತಿ ಕೋವಿಡ್‌ನಿಂದ ಮುಂದೆ ಹೋಯಿತು. 2025ರ ಜೂನ್ 16ರ ಅಧಿಸೂಚನೆಯಂತೆ ಮುಂದಿನ ಗಣತಿಗೆ ದೇಶದ ಬಹುಭಾಗಕ್ಕೆ 2027ರ ಮಾರ್ಚ್ 1 ಆಧಾರ ದಿನ. 2011ರಲ್ಲಿ ಗುಳೆ ಹೋಗಿದ್ದ ಕಾರಣಕ್ಕೆ ಎಣಿಕೆ ತಪ್ಪಿದ ಕುಟುಂಬಗಳ ಮಕ್ಕಳು ಈಗ ತಾವೇ ಗುಳೆ ಹೋಗುವ ವಯಸ್ಸಿಗೆ ಬಂದಿದ್ದಾರೆ, ಅವರ ಊರಿನ ಅರ್ಹತೆ ಮಾತ್ರ ಅದೇ ಹಳೆಯ ಅಂಕಿಗೆ ಕಟ್ಟುಬಿದ್ದಿದೆ.

ಆಸ್ಪತ್ರೆಗೂ ಇಂಥದೇ ಹೊಸ್ತಿಲಿದೆ: ಬಯಲಿನಲ್ಲಿ 30,000, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 20,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಜನ ವಿರಳವಾಗಿರುವ ಕಡೆ ಅಷ್ಟು ಮಂದಿಯನ್ನು ಕೂಡಿಸಲು ದೊಡ್ಡ ಪ್ರದೇಶ ಬೇಕು. ಆಸ್ಪತ್ರೆ ದೂರ, ಬಸ್ಸು ವಿರಳ, ರಸ್ತೆ ಕಿರಿದು ಈ ಮೂರೂ ಒಂದೇ ಊರಿನ ಪಾಲಿಗೆ ಬರುವುದು ಆಕಸ್ಮಿಕವಲ್ಲ; ಒಂದೇ ಅಂಕಿ ಮೂರು ಕಡೆ ಕೆಲಸ ಮಾಡಿದ್ದರ ಫಲ.

ರಸ್ತೆ ಬಂದ ಮೇಲೆ ಊರು

ಹೊರಗಿನ ಓಡಾಟ ಊರನ್ನು ಏನು ಮಾಡುತ್ತದೆ ಎಂಬ ಪ್ರಶ್ನೆಗೆ ಕರ್ನಾಟಕದಲ್ಲೇ ಒಂದು ಹಳೆಯ, ಅಮೂಲ್ಯ ಉತ್ತರವಿದೆ. ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೀನ್ 1954ರಿಂದ 1956ರವರೆಗೆ ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿ ಇದ್ದು ಅಧ್ಯಯನ ಮಾಡಿದರು. ತಮ್ಮ ಪುಸ್ತಕದಲ್ಲಿ ಅವುಗಳಿಗೆ ವಂಗಲ, ದಲೇನ ಎಂದು ಹೆಸರಿಟ್ಟರು. ವಿಶ್ವೇಶ್ವರಯ್ಯ ನಾಲೆಯ ನೀರು ವಂಗಲದ ಹೊಲಗಳಿಗೆ ಹರಿಯಿತು. ದಲೇನದ ಜಮೀನು ನಾಲೆಗಿಂತ ಎತ್ತರದಲ್ಲಿದ್ದುದರಿಂದ ಒಣಗಿಯೇ ಉಳಿಯಿತು. ವಂಗಲ ಕಬ್ಬು ಬೆಳೆದು ಸಿರಿವಂತವಾಯಿತು, ಆದರೆ ಬದುಕಿನ ಕ್ರಮ ಹೆಚ್ಚು ಬದಲಾಗಲಿಲ್ಲ. ನೀರು ಸಿಗದ ದಲೇನದ ಜನ ಹೊರಕ್ಕೆ ನೋಡಿದರು. ಮಂಡ್ಯದ ಕಾರ್ಖಾನೆ, ಕಚೇರಿಗಳಲ್ಲಿ ಕೆಲಸ ಹಿಡಿದರು, ಸುತ್ತಲಿನ ನೀರಾವರಿ ಊರುಗಳಿಗೆ ಬೇಕಾದ ಹಿಟ್ಟಿನ ಗಿರಣಿ, ಆಲೆಮನೆ, ವ್ಯಾಪಾರಕ್ಕೆ ಕೈ ಹಾಕಿದರು. ಊರಿನೊಳಗಿನ ಅಧಿಕಾರ, ಕೂಲಿ, ಜಾತಿ ಸಂಬಂಧಗಳೆಲ್ಲ ಅಲುಗಾಡಿದ್ದು ದಲೇನದಲ್ಲಿ. ಎರಡು ಊರಿನ ಜನಸಂಖ್ಯೆಯನ್ನಷ್ಟೇ ನೋಡಿದವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ಬೆಳಗ್ಗೆ ಊರಿನಿಂದ ಎಷ್ಟು ಜನ ಹೊರಡುತ್ತಾರೆ, ಸಂಜೆ ಎಷ್ಟು ಜನ ಮರಳುತ್ತಾರೆ ಎಂಬುದರಲ್ಲಿ ಅದು ಇದೆ.

ಅರ್ಧ ಶತಮಾನಕ್ಕೂ ಹೆಚ್ಚು ಕಾಲದ ಬಳಿಕ ಅರ್ಥಶಾಸ್ತ್ರಜ್ಞರಾದ ಸ್ಯಾಮ್ ಆ್ಯಶರ್ ಮತ್ತು ಪಾಲ್ ನೊವೊಸಾಡ್ ಗ್ರಾಮ ಸಡಕ್ ಯೋಜನೆಯ ಜನಸಂಖ್ಯೆಯ ಹೊಸ್ತಿಲನ್ನೇ ಸಂಶೋಧನೆಯ ಸಾಧನವಾಗಿ ಬಳಸಿದರು. ಗೆರೆಗಿಂತ ತುಸು ಮೇಲಿದ್ದು ರಸ್ತೆ ಪಡೆದ ಊರುಗಳನ್ನೂ ತುಸು ಕೆಳಗಿದ್ದು ಪಡೆಯದ ಊರುಗಳನ್ನೂ ಹೋಲಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ರಸ್ತೆ ಬಂದ ಕೆಲವು ವರ್ಷಗಳಲ್ಲಿ ಬೆಳೆ, ಆದಾಯ, ಆಸ್ತಿಯಲ್ಲಿ ದೊಡ್ಡ ಬದಲಾವಣೆ ಕಾಣಲಿಲ್ಲ. ಎದ್ದು ಕಂಡದ್ದು ದುಡಿಯುವವರು ಬೇಸಾಯ ಬಿಟ್ಟು ಬೇರೆ ಕೆಲಸಕ್ಕೆ ಹೋಗತೊಡಗಿದ್ದು. ಅಂಜಲಿ ಅಡುಕಿಯಾ ಅವರೊಂದಿಗೆ ಸೇರಿ ಮಾಡಿದ ಇನ್ನೊಂದು ಅಧ್ಯಯನದಲ್ಲಿ ರಸ್ತೆ ಬಂದ ಊರುಗಳಲ್ಲಿ ಹಿರಿಯ ಪ್ರಾಥಮಿಕ ಹಂತದ ದಾಖಲಾತಿ ಏರಿದ್ದು ಕಂಡಿತು. ರಸ್ತೆ ಬಂದರೆ ಊರು ತಾನಾಗಿ ಉದ್ಧಾರವಾಗುತ್ತದೆ ಎಂಬ ನಂಬಿಕೆಗೆ ಇದು ಕಡಿವಾಣ ಹಾಕುತ್ತದೆ. ಜೊತೆಗೆ ರಸ್ತೆ ನಿಜವಾಗಿ ಏನು ಕೊಡುತ್ತದೆ ಎಂಬುದನ್ನೂ ತೋರಿಸುತ್ತದೆ: ಊರಲ್ಲೇ ಇದ್ದು ಹೊರಗೆ ದುಡಿಯುವ, ಮನೆಯಿಂದಲೇ ಹೋಗಿ ಓದುವ ಅವಕಾಶ. ಆ ಅವಕಾಶ ಎಷ್ಟು ಜನಕ್ಕೆ ದಕ್ಕುತ್ತದೆ ಎಂಬುದು ಆ ರಸ್ತೆಯ ಮೇಲೆ ಏನು ಓಡುತ್ತದೆ ಎಂಬುದನ್ನು ನೆಚ್ಚಿದೆ.

'ಬಸ್ಸು ಇದೆ' ಎಂದರೆ

ಮೈಸೂರು ಸಂಸ್ಥಾನದ ಸರ್ಕಾರಿ ರಸ್ತೆ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಆರಂಭವಾಯಿತು. 1961ರಲ್ಲಿ ಅದು ನಿಗಮವಾಯಿತು. ಇಂದು ನಾಲ್ಕು ನಿಗಮಗಳಿವೆ. ಬೆಂಗಳೂರು ನಗರದ್ದನ್ನು ಬಿಟ್ಟರೆ ಉಳಿದ ಮೂರು, ಅಂದರೆ ಕೆಎಸ್‌ಆರ್‌ಟಿಸಿ, ವಾಯವ್ಯ ಮತ್ತು ಕಲ್ಯಾಣ ಕರ್ನಾಟಕ ನಿಗಮಗಳು, ಹಳ್ಳಿಗಳ ಭಾರ ಹೊತ್ತಿವೆ. ಹಳ್ಳಿಯ ಬಸ್ಸಿನ ಆದಾಯ ಕಿಲೋಮೀಟರಿಗೆ ಕಡಿಮೆ, ರಸ್ತೆಯಿಂದಾಗಿ ಸವಕಳಿ ಹೆಚ್ಚು. ಸಾಮಾಜಿಕ ಹೊಣೆಯೆಂದು ನಿಗಮಗಳು ಇವನ್ನು ಓಡಿಸಿದ್ದು ಕನ್ನಡ ನಾಡಿನ ಸಾರ್ವಜನಿಕ ಬದುಕಿನ ದೊಡ್ಡ ಸಂಗತಿಗಳಲ್ಲೊಂದು. ಹೆಣ್ಣುಮಕ್ಕಳು ಹೈಸ್ಕೂಲು, ಪಿಯುಸಿ ದಾಟಿದ್ದರ ಹಿಂದೆ ವಿದ್ಯಾರ್ಥಿ ಪಾಸಿನ ಪಾಲು ಎಷ್ಟಿದೆ ಎಂಬುದು ತಾಲ್ಲೂಕು ಬಸ್ ನಿಲ್ದಾಣದಲ್ಲಿ ಬೆಳಗ್ಗೆ ನಿಂತು ನೋಡಿದ ಯಾರಿಗಾದರೂ ಗೊತ್ತಾಗುತ್ತದೆ.

ಆದರೆ ಪಟ್ಟಿಯ 'ಇದೆ' ಎಂಬ ಒಂದೇ ಗುರುತು ದಿನಕ್ಕೆ ಹತ್ತು ಟ್ರಿಪ್ ಇರುವ ಊರಿಗೂ ಒಂದೇ ಟ್ರಿಪ್ ಇರುವ ಊರಿಗೂ ಸಮನಾಗಿ ಬೀಳುತ್ತದೆ. ಹಳ್ಳಿಯವರು ಬಸ್ಸನ್ನು ಅಳೆಯುವುದು ಬೇರೆ ರೀತಿ. ಕಾಲೇಜಿನ ಹೊತ್ತಿಗೆ ತಲುಪುತ್ತದೆಯೇ? ಸಂತೆಯ ದಿನ ತರಕಾರಿ ಮೂಟೆ ಹಾಕಲು ಬಿಡುತ್ತಾರೆಯೇ? ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ, ಡಾಕ್ಟರಿಗೆ ತೋರಿಸಿ, ಔಷಧ ತಗೊಂಡು ಅದೇ ದಿನ ಮರಳಬಹುದೇ? ಈ ಪ್ರಶ್ನೆಗಳಿಗೆ ಒಂದು ಕಾಲದಲ್ಲಿ ಉತ್ತರವಾಗಿದ್ದದ್ದು ರಾತ್ರಿ ಊರಲ್ಲೇ ತಂಗುವ ವಸ್ತಿ ಬಸ್ಸು. ಕತ್ತಲಾದ ಮೇಲೆ ಬಂದು ನಿಂತು, ಡ್ರೈವರ್ ಕಂಡಕ್ಟರ್ ಊರ ಗುಡಿಯಲ್ಲೋ ಶಾಲೆಯ ಜಗುಲಿಯಲ್ಲೋ ಮಲಗಿ, ನಸುಕಿಗೆ ಹೊರಡುವ ಆ ಬಸ್ಸು ಊರಿಗೆ ಇಡೀ ಒಂದು ಹಗಲನ್ನು ಕೊಡುತ್ತಿತ್ತು. ವಸ್ತಿ ನಿಂತು ಬಸ್ಸು ಡಿಪೋದಿಂದ ಹೊರಟು ಹತ್ತು ಗಂಟೆಗೆ ಬರತೊಡಗಿದರೆ ಪಟ್ಟಿಯಲ್ಲಿ ಏನೂ ಬದಲಾಗುವುದಿಲ್ಲ. ಕಾಲೇಜಿನ ಹುಡುಗಿಯ ಓದು, ಕೂಲಿಗೆ ಹೋಗುವವರ ದಿನಗೂಲಿ ಮಾತ್ರ ಕೈತಪ್ಪುತ್ತದೆ.

2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆ ಬೇಡಿಕೆಯ ನಿಜವಾದ ಗಾತ್ರವನ್ನು ಬಯಲಿಗೆ ತಂದಿತು. ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟಿನ ಹಣವಿಲ್ಲ ಎಂದಾದ ಮೇಲೆ 2025ರ ಜುಲೈ ಹೊತ್ತಿಗೆ ಉಚಿತ ಪ್ರಯಾಣಗಳ ಸಂಖ್ಯೆ 500 ಕೋಟಿ ದಾಟಿತು. ತವರಿಗೆ, ಆಸ್ಪತ್ರೆಗೆ, ಕೆಲಸಕ್ಕೆ, ದೇವರಿಗೆ ಹೋಗಬೇಕೆಂದಿದ್ದರೂ ಚಾರ್ಜಿಗೆ ಗಂಡನ ಮುಂದೆ ಕೈ ಒಡ್ಡಲಾರದೆ ಉಳಿದ ಎಷ್ಟು ಪ್ರಯಾಣಗಳು ಹಳ್ಳಿಗಳಲ್ಲಿ ತಡೆದು ನಿಂತಿದ್ದವು ಎಂಬುದನ್ನು ಈ ಅಂಕಿ ಹೇಳುತ್ತದೆ. ಯಾವ ಗ್ರಾಮ ಕೈಪಿಡಿಯೂ ಇದನ್ನು ಊಹಿಸಿರಲಿಲ್ಲ. ಯೋಜನೆಯ ಮಿತಿಯೂ ಸಾರಿಗೆಯ ಭೂಗೋಳದಲ್ಲೇ ಇದೆ. ದಕ್ಷಿಣ ಕನ್ನಡ, ಉಡುಪಿ ಮತ್ತು ಮಲೆನಾಡಿನ ಹಲವೆಡೆ ಹಳ್ಳಿಗಳನ್ನು ಮುಟ್ಟುವುದು ಹೆಚ್ಚಾಗಿ ಖಾಸಗಿ ಬಸ್ಸು. ಅಲ್ಲಿಯ ಹೆಣ್ಣುಮಕ್ಕಳಿಗೆ ಶಕ್ತಿಯ ಪ್ರಯೋಜನ ಅಷ್ಟಾಗಿ ತಲುಪಲಿಲ್ಲ; ಸರ್ಕಾರಿ ಬಸ್ಸು ಓಡಾಡದ ಊರಲ್ಲಿ ಉಚಿತ ಟಿಕೆಟಿಗೆ ಬೆಲೆಯಿಲ್ಲ. ಕೊಪ್ಪದಲ್ಲಿ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ 'ಸಹಕಾರ ಸಾರಿಗೆ' ಮಲೆನಾಡಿನ ಮೂಲೆಮೂಲೆಯ ಊರುಗಳಿಗೆ ಮೂರು ದಶಕ ಸೇವೆ ಕೊಟ್ಟು ನಷ್ಟ ತಾಳಲಾರದೆ 2020ರಲ್ಲಿ ನಿಂತಿತು. ದುಡಿಯುವವರೇ ಒಡೆಯರಾಗಿದ್ದ ಅಂಥ ಸಂಸ್ಥೆಯನ್ನು ಉಳಿಸಿಕೊಳ್ಳಲಾಗದ್ದು ನಾಡಿಗೆ ಆದ ನಷ್ಟ. ವಿರಳ ಜನರಿರುವ ಕಡೆ ಬಸ್ಸು ಟಿಕೆಟಿನ ಹಣದಿಂದಲೇ ಬದುಕಲಿ ಎಂದರೆ ಅದು ಬದುಕುವುದಿಲ್ಲ.

ಲೆಕ್ಕಕ್ಕೆ ಸಿಗದ ಪಯಣಗಳು

ಬಸ್ಸು ಬಿಟ್ಟ ಜಾಗವನ್ನು ಹಳ್ಳಿಗರು ತಾವೇ ತುಂಬಿಕೊಂಡಿದ್ದಾರೆ. 2011ರಲ್ಲಿ ದೇಶದ ಗ್ರಾಮೀಣ ಮನೆಗಳಲ್ಲಿ ಶೇ 46ರಷ್ಟಕ್ಕೆ ಸೈಕಲ್ ಇತ್ತು, ದ್ವಿಚಕ್ರ ಮೋಟಾರು ವಾಹನ ಇದ್ದದ್ದು ಶೇ 14ಕ್ಕೆ ಮಾತ್ರ. ಇಂದು ಯಾವ ಊರಿಗೆ ಹೋದರೂ ಬೈಕುಗಳ ಸಾಲು ಕಾಣುತ್ತದೆ. ಆದರೆ ಮನೆಗೊಂದು ಬೈಕಿದ್ದರೂ ಅದು ಮನೆಯ ಎಲ್ಲರದ್ದಲ್ಲ. ಅದರ ಬೀಗದ ಕೈ ಇರುವುದು ಹೆಚ್ಚಾಗಿ ಮನೆಯ ಗಂಡುಮಗನ ಕಿಸೆಯಲ್ಲಿ. ಅಜ್ಜಿ, ಸೊಸೆ, ಶಾಲೆಯ ಹುಡುಗಿ ಅವನ ಬಿಡುವಿಗೆ ಕಾಯಬೇಕು.

ಉಳಿದವರ ಪಾಲಿಗೆ ಇರುವುದು ಟಂಟಂ, ಅಪೆ ಆಟೊ, ಕ್ರೂಸರ್, ಗೂಡ್ಸ್ ಗಾಡಿ. ಮೋಟಾರು ವಾಹನ ಕಾಯ್ದೆಯ ಪ್ರಕಾರ ದಾರಿಯುದ್ದಕ್ಕೂ ಜನರನ್ನು ಹತ್ತಿಸಿ ಇಳಿಸುತ್ತ ತಲೆಗಿಷ್ಟೆಂದು ಹಣ ಪಡೆಯುವ ಪರವಾನಗಿ ಬಸ್ಸಿನಂಥ ವಾಹನಕ್ಕೆ ಸೇರಿದ್ದು. ಒಪ್ಪಂದದ ಮೇಲೆ ಓಡುವ ವಾಹನಕ್ಕೆ ಅದಿಲ್ಲ. ಹಳ್ಳಿಯ ಬಹಳಷ್ಟು ಸಾರಿಗೆ ಹೀಗೆ ಕಾನೂನಿನ ಹೊರಗೆ ನಡೆಯುತ್ತದೆ. ವಿಮೆಯ ರಕ್ಷಣೆ ದುರ್ಬಲ, ತುಂಬಿದ ಜನಕ್ಕೆ ಮಿತಿಯಿಲ್ಲ. 2022ರ ಆಗಸ್ಟ್ 25ರ ನಸುಕಿನಲ್ಲಿ ರಾಯಚೂರು ಜಿಲ್ಲೆಯಿಂದ ಬೆಂಗಳೂರಿಗೆ ಕೂಲಿಕಾರರನ್ನು ತುಂಬಿಕೊಂಡು ಹೊರಟ ಕ್ರೂಸರ್ ಶಿರಾ ಹತ್ತಿರ ಲಾರಿಯೊಂದಿಗೆ ಅಪಘಾತಕ್ಕೀಡಾಗಿ ಮಕ್ಕಳೂ ಸೇರಿ 9 ಮಂದಿ ಸತ್ತರು. ಅಪಘಾತದ ಪಟ್ಟಿಗೆ ಸೇರಿದ ಈ ಸಾವುಗಳು ಗುಳೆಯ ಪಟ್ಟಿಗೂ ಸಾರಿಗೆ ಕೊರತೆಯ ಪಟ್ಟಿಗೂ ಸೇರಬೇಕಾದವು.

ಗಣತಿಯ ಪ್ರಶ್ನಾವಳಿಯಲ್ಲೇ ಒಂದು ಲೋಪವಿದೆ. ಕೆಲಸದ ಜಾಗಕ್ಕೆ ಎಷ್ಟು ದೂರ, ಯಾವ ವಾಹನದಲ್ಲಿ ಹೋಗುತ್ತೀರಿ ಎಂದು 2001 ಮತ್ತು 2011ರಲ್ಲಿ ಕೇಳಿದ್ದು 'ಇತರ ಕೆಲಸಗಾರ'ರನ್ನು ಮಾತ್ರ. ರೈತರನ್ನು, ಕೃಷಿ ಕೂಲಿಕಾರರನ್ನು, ಗೃಹ ಕೈಗಾರಿಕೆಯವರನ್ನು ಆ ಪ್ರಶ್ನೆಯಿಂದ ಬಿಡಲಾಗಿತ್ತು. 2011ರಲ್ಲಿ ಕರ್ನಾಟಕದ ಒಟ್ಟು ದುಡಿಯುವವರಲ್ಲಿ ಶೇ 49ರಷ್ಟು ರೈತರು ಮತ್ತು ಕೃಷಿ ಕೂಲಿಕಾರರು. ಹಳ್ಳಿಗಳಲ್ಲಿ ಈ ಪಾಲು ಇನ್ನೂ ಹೆಚ್ಚು. ಮೆಣಸಿನಕಾಯಿ ಬಿಡಿಸಲು, ಹತ್ತಿ ಬಿಡಿಸಲು, ಕಾಫಿ ತೋಟಕ್ಕೆ, ಶುಂಠಿ ಹೊಲಕ್ಕೆ ಮುಂಜಾನೆ ಗೂಡ್ಸ್ ಗಾಡಿಯ ಹಿಂದೆ ನಿಂತು ಹತ್ತಾರು ಕಿಲೋಮೀಟರ್ ಹೋಗುವ ಹೆಂಗಸರ ಪ್ರಯಾಣ ದೇಶದ ದಾಖಲೆಯಲ್ಲಿ ಪ್ರಯಾಣವೇ ಅಲ್ಲ. ಎಣಿಸದ ಪ್ರಯಾಣಕ್ಕೆ ಬಸ್ಸು ಬಿಡುವ ಯೋಚನೆ ಯಾರಿಗೂ ಬರುವುದಿಲ್ಲ.

ನೀರು ಅಡ್ಡ, ಕಾಡು ಅಡ್ಡ

ದೂರವನ್ನು ಕಿಲೋಮೀಟರಿನಲ್ಲಿ ಅಳೆದರೆ ಸುಳ್ಳಾಗುವ ಊರುಗಳಿವೆ. ಮಲೆನಾಡಿನಲ್ಲಿ ಜೂನ್ ಬಂದರೆ ಹಳ್ಳ ತುಂಬಿ ಆಚೆ ದಡದ ಶಾಲೆ ಕಣ್ಣಿಗೆ ಕಾಣುತ್ತಿದ್ದರೂ ಕಾಲಿಗೆ ಸಿಗುವುದಿಲ್ಲ. ಅಡಿಕೆ ಮರದ ಕಾಲುಸಂಕದ ಮೇಲೆ ಪಾಟಿಚೀಲ ಹೊತ್ತು ದಾಟುವ ಮಕ್ಕಳ ಸುದ್ದಿ ಪ್ರತಿ ಮಳೆಗಾಲದ ಪತ್ರಿಕೆಯಲ್ಲಿ ಇರುತ್ತದೆ. ಸುಳ್ಯದ ಎಂಜಿನಿಯರ್ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಮೊದಲ ತೂಗುಸೇತುವೆ ಕಟ್ಟಿದರು. ಬಳಿಕ ಕಡಿಮೆ ವೆಚ್ಚದ ಇಂಥ ನೂರಕ್ಕೂ ಹೆಚ್ಚು ಸೇತುವೆಗಳಿಂದ ಊರುಗಳನ್ನು ಜೋಡಿಸಿ 2017ರಲ್ಲಿ ಪದ್ಮಶ್ರೀ ಪಡೆದರು. ಜನಸಂಖ್ಯೆಯ ಗೆರೆ ದಾಟದ, ದೊಡ್ಡ ಸೇತುವೆಗೆ ಅರ್ಹವಾಗದ ಊರುಗಳಿಗೂ ದಾರಿ ಇದೆ ಎಂಬುದನ್ನು ಅವರ ಕೆಲಸ ಸಾಧಿಸಿ ತೋರಿಸಿದೆ.

ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣವಾದಾಗ ಸಾಗರ ತಾಲ್ಲೂಕಿನ ಕರೂರು, ಬಾರಂಗಿ ಸೀಮೆಯ ಜನ ಹಿನ್ನೀರಿನ ಆಚೆ ಉಳಿದರು. ನಾಡಿಗೆ ಬೆಳಕು ಕೊಟ್ಟ ಊರುಗಳು ಆರು ದಶಕ ಲಾಂಚ್ ಕಾದವು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ರೋಗಿಗೂ ಬಾಣಂತಿಗೂ ಬಳಸುದಾರಿಯೇ ಗತಿಯಾಗಿತ್ತು. ಬೇಸಿಗೆಯಲ್ಲಿ ನೀರಿಳಿದರೆ ವಾಹನ ಸಾಗಿಸುವುದೂ ನಿಲ್ಲುತ್ತಿತ್ತು. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ, ಎರಡು ಕಿ.ಮೀ.ಗೂ ಉದ್ದದ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಸಿಗಂದೂರಿನ ದೇವಾಲಯಕ್ಕೆ ಹೋಗುವ ಲಕ್ಷಾಂತರ ಭಕ್ತರ ದಟ್ಟಣೆ ಇಲ್ಲದಿದ್ದರೆ ಆಚೆ ದಡದ ಕೆಲವು ಸಾವಿರ ಜನರ ಲೆಕ್ಕ ಅಂಥ ಸೇತುವೆಗೆ ಸಾಕಾಗುತ್ತಿತ್ತೇ ಎಂಬುದು ಗಂಭೀರವಾಗಿ ಕೇಳಬೇಕಾದ ಪ್ರಶ್ನೆ.

ಕಾಡಿನ ಊರುಗಳಲ್ಲಿ ಅರಣ್ಯ ಕಾನೂನು, ಜನಸಂಖ್ಯೆಯ ಕೊರತೆ ಎರಡೂ ಸೇರಿ ದಾರಿಯನ್ನು ಕಟ್ಟುತ್ತವೆ. ಮಲೆ ಮಹದೇಶ್ವರ ಬೆಟ್ಟದ ಕಾಡೊಳಗಿನ ಗ್ರಾಮಗಳಲ್ಲಿ ರೋಗಿಗಳನ್ನು ಡೋಲಿ ಕಟ್ಟಿ ಹೊರುವ ಪರಿಸ್ಥಿತಿ ಇಂದಿಗೂ ಹೋಗಿಲ್ಲ. 2008ರಿಂದ ಇರುವ 108 ಆಂಬುಲೆನ್ಸ್ ಅಂಥಲ್ಲಿ ಟಾರು ಮುಗಿಯುವ ಕಡೆ ನಿಲ್ಲುತ್ತದೆ. ಅರಣ್ಯ ಇಲಾಖೆಯೇ ಅಲ್ಲಿ 'ಜನ-ವನ ಸಾರಿಗೆ' ಹೆಸರಿನಲ್ಲಿ ಜೀಪುಗಳನ್ನು ಓಡಿಸಿದ್ದು ಒಳ್ಳೆಯ ಮಾದರಿ: ಕಾಡನ್ನು ಸೀಳುವ ಅಗಲ ರಸ್ತೆ ಇಲ್ಲದೆಯೂ ಜನಕ್ಕೆ ಸಂಚಾರ ಸಿಗಬಹುದು. 2024ರ ಲೋಕಸಭಾ ಚುನಾವಣೆಯಂದು ಅದೇ ಬೆಟ್ಟದ ಇಂಡಿಗನತ್ತದಲ್ಲಿ ಮತಗಟ್ಟೆ ಧ್ವಂಸವಾಗಿ ಮರುಮತದಾನ ನಡೆಯಿತು. ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ರಸ್ತೆ ಮತ್ತು ಮೂಲಸೌಕರ್ಯಕ್ಕೆ ಕಾದು ಕಾದು ಮತದಾನವೇ ಬೇಡ ಎನ್ನುವ ಹಂತಕ್ಕೆ ಊರೊಂದು ಬಂದಿತ್ತು ಎಂಬುದನ್ನು ಮರೆಯಲೂ ಆಗದು.

ಮುಂದಿನ ಎಣಿಕೆ ಏನನ್ನು ಕೇಳಬೇಕು?

ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿದ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 35 ಸೂಚ್ಯಂಕಗಳನ್ನು ಕೂಡಿಸಿ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ತೋರಿಸಿತ್ತು. ಅಳತೆ ಸರಿಯಾದರೆ ಅನ್ಯಾಯ ಕಣ್ಣಿಗೆ ಕಾಣುತ್ತದೆ, ಕಂಡದ್ದನ್ನು ರಾಜಕೀಯವಾಗಿ ಕೇಳಬಹುದು ಎಂಬುದಕ್ಕೆ ಆ ವರದಿ ಸಾಕ್ಷಿ. ಆ ಕೆಲಸ ತಾಲ್ಲೂಕಿನಿಂದ ಮಜರೆಯ ಮಟ್ಟಕ್ಕೆ ಇಳಿಯಬೇಕಾದ ಕಾಲ ಇದು. ಮೊದಲ ಬಸ್ಸು ಎಷ್ಟು ಹೊತ್ತಿಗೆ, ಕೊನೆಯದು ಎಷ್ಟು ಹೊತ್ತಿಗೆ. ದಿನಕ್ಕೆ ಎಷ್ಟು ಟ್ರಿಪ್, ಭಾನುವಾರ ಎಷ್ಟು. ಮಳೆಗಾಲದಲ್ಲಿ ದಾರಿ ಎಷ್ಟು ದಿನ ಕಡಿಯುತ್ತದೆ. ಪ್ರತಿ ತಾಂಡಾ, ಹಾಡಿಯಿಂದ ನಿಲ್ದಾಣಕ್ಕೆ ಎಷ್ಟು ಹೊತ್ತಿನ ನಡಿಗೆ. ಕೃಷಿ ಕೂಲಿಯವರು ಯಾವುದರಲ್ಲಿ ಎಷ್ಟು ದೂರ ಹೋಗುತ್ತಾರೆ. ಗುಳೆ ಹೋದವರೆಷ್ಟು, ಅವರು ಮರಳುವ ತಿಂಗಳು ಯಾವುದು. ಇವುಗಳಲ್ಲಿ ಯಾವುದಕ್ಕೂ ದೊಡ್ಡ ವಿಜ್ಞಾನ ಬೇಡ. ಊರಿನ ಆಶಾ ಕಾರ್ಯಕರ್ತೆಗೆ, ಅಂಗನವಾಡಿ ಟೀಚರಿಗೆ, ಕಂಡಕ್ಟರಿಗೆ ಉತ್ತರ ಬಾಯಿಪಾಠ.

ರಾಷ್ಟ್ರೀಯ ಗಣತಿ ಇದೆಲ್ಲವನ್ನೂ ಕೇಳಲಾರದು. ಗ್ರಾಮ ಪಂಚಾಯಿತಿ ಕೇಳಬಹುದು. ನಮ್ಮ ಕಾಯ್ದೆಯಂತೆ ಪ್ರತಿ 400 ಜನರಿಗೆ ಒಬ್ಬ ಸದಸ್ಯ ಇದ್ದಾನೆ ಅಥವಾ ಇದ್ದಾಳೆ. ನಾಲ್ಕುನೂರು ಜನರ ಓಡಾಟವನ್ನು ವರ್ಷಕ್ಕೊಮ್ಮೆ ಬರೆದು ಗ್ರಾಮಸಭೆಯ ಮುಂದಿಟ್ಟರೆ, ಆ ಕಾಗದವನ್ನು ಡಿಪೋ ಮ್ಯಾನೇಜರ್ ಮತ್ತು ಲೋಕೋಪಯೋಗಿ ಎಂಜಿನಿಯರ್ ಒಂದೇ ಸಭೆಯಲ್ಲಿ ಕೂತು ಓದಲೇಬೇಕೆಂದು ನಿಯಮವಾದರೆ, ರಸ್ತೆ ಒಂದು ಇಲಾಖೆಗೆ, ಬಸ್ಸು ಇನ್ನೊಂದಕ್ಕೆ, ಜನ ಯಾರಿಗೂ ಇಲ್ಲ ಎಂಬ ಈಗಿನ ಸ್ಥಿತಿ ತಪ್ಪುತ್ತದೆ. ರಸ್ತೆಗೆ ಹಣ ಕೊಡುವಾಗಲೇ ಆ ರಸ್ತೆಯಲ್ಲಿ ದಿನಕ್ಕೆ ಇಷ್ಟು ಸಂಚಾರ ಎಂದು ಬರೆದುಕೊಡುವುದು, ಜನ ವಿರಳವಾದ ಕಡೆ ಸಣ್ಣ ಬಸ್ಸಿಗೋ ಸಹಕಾರಿ ಜೀಪಿಗೋ ಪರವಾನಗಿಯನ್ನೂ ಸಹಾಯಧನವನ್ನೂ ಕೊಡುವುದು, ಟಂಟಂ ಓಡಿಸುವವರನ್ನು ದಂಡ ಹಾಕಿ ಓಡಿಸುವ ಬದಲು ವಿಮೆ, ಆಸನಮಿತಿಯೊಳಗೆ ತರುವುದು, ವಸ್ತಿ ಬಸ್ಸಿನ ಸಿಬ್ಬಂದಿಗೆ ಪಂಚಾಯಿತಿ ಒಂದು ಕೋಣೆ, ಶೌಚಾಲಯ ಕಟ್ಟಿಕೊಡುವುದು ಇವೆಲ್ಲ ನಮ್ಮ ಶಕ್ತಿಯೊಳಗಿನ ಕೆಲಸಗಳು.

ಹಳ್ಳಿಯ ಜನ ಕಡಿಮೆಯಾಗುತ್ತಿರುವುದನ್ನು ಬಸ್ಸು ಕಡಿತಕ್ಕೆ ಕಾರಣವಾಗಿ ಕೊಡುವುದು ನಿಲ್ಲಬೇಕು. ಬಸ್ಸು ಕಡಿತವೂ ಜನ ಕಡಿಮೆಯಾಗಲು ಒಂದು ಕಾರಣ. ಊರಲ್ಲಿ ಹತ್ತೇ ಮನೆ ಉಳಿದಿದ್ದರೂ ಆ ಹತ್ತು ಮನೆಯವರು ನಾಡಿನ ಪೂರ್ಣ ಪ್ರಜೆಗಳು. ಆಸ್ಪತ್ರೆಗೆ, ಶಾಲೆಗೆ, ಸಂತೆಗೆ ಹೋಗಿ ಅದೇ ದಿನ ಮನೆ ಸೇರುವುದು ಅವರ ಹಕ್ಕು. ಆ ಹಕ್ಕನ್ನು ತಲೆ ಎಣಿಸಿ ಹಂಚಲಾಗದು. ಹೊಸ ಗಣತಿಯ ಅಂಕಿಗಳು ಕೈಗೆ ಬಂದಾಗ ಊರೆಷ್ಟು ದೊಡ್ಡದು ಎಂದು ಕೇಳುವುದಕ್ಕೆ ಮೊದಲು ಊರಿನವರು ದಿನದೊಳಗೆ ಎಲ್ಲಿಗೆ ಹೋಗಿ ಬರಬಲ್ಲರು ಎಂದು ಕೇಳುವ ಆಡಳಿತವನ್ನು ನಾವು ಒತ್ತಾಯಿಸಿ ಪಡೆಯಬೇಕಾಗಿದೆ.